ಕೂಡಿಟ್ಟ ದುಡ್ಡು, ಕನಸಿನ ಬೆಟ್ಟ

ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿದ್ದಳು. ಅವಳಿಗೀಗ 25. ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಒಂದೇ ಪ್ರವಾಸಕ್ಕೆ ಹಾಕಬೇಕು ಅಂತ ಅವಳ ಆಸೆ. "ಅಕ್ಕಾ, ಹೋಗ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳು" ಅಂದಳು. ಒಂದೇ ಮಾತಲ್ಲಿ ಹೇಳೋಕೆ ನನ್ನಿಂದ ಆಗಲಿಲ್ಲ. ಎರಡು ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೂ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವವರು ಇನ್ನೂ ಇರುತ್ತಾರೆ, ಅಲ್ವಾ?

ನನ್ನ ಕನಸು ಕಿಲಿಮಂಜಾರೋ ಆಗಿತ್ತು. ತಾಂಜಾನಿಯಾದಲ್ಲಿದೆ. ಆಫ್ರಿಕಾದ ಅತಿ ಎತ್ತರದ ಬೆಟ್ಟ, 5,895 ಮೀಟರ್. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ನೋಡಿದಾಗಿನಿಂದ ಮನಸ್ಸಲ್ಲಿ ಕೂತುಬಿಟ್ಟಿತ್ತು. ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ, ಆದರೂ ತಲೆ ಮೇಲೆ ಹಿಮ. ಅದು ಹೇಗೆ ಅಂತ ಆಗ ಅರ್ಥವೇ ಆಗುತ್ತಿರಲಿಲ್ಲ.

ನನಗೆ 24 ಆದಾಗ ದುಡ್ಡು ಕೈಯಲ್ಲಿತ್ತು. ಜೊತೆಗೆ ಬರೋಕೆ ಇಬ್ಬರು ಗೆಳತಿಯರೂ ಇದ್ದರು. ಆದರೆ ನಾನು ಹೋಗಲಿಲ್ಲ. ಕಚೇರಿಯ ಹಿರಿಯರೊಬ್ಬರು ಹಾಳೆ ಮೇಲೆ ಒಂದು ಲೆಕ್ಕ ಬರೆದು ತೋರಿಸಿದ್ದರು. ವರ್ಷಕ್ಕೆ ಶೇ. 8ರಂತೆ ಚಕ್ರಬಡ್ಡಿ ಬಂದರೆ ಸುಮಾರು 9 ವರ್ಷಕ್ಕೆ ದುಡ್ಡು ಎರಡರಷ್ಟಾಗುತ್ತದೆ. 36 ವರ್ಷ ಮುಟ್ಟದೆ ಬಿಟ್ಟರೆ 16 ಪಟ್ಟು. "ಈಗ ಒಂದು ಪ್ರವಾಸ, ಆಗ ಹದಿನಾರು. ಯೋಚನೆ ಮಾಡಮ್ಮ" ಅಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಗೆಳತಿಯರು ಹೋಗಿ ಬಂದರು. ನಾನು ಅವರ ಫೋಟೋ ನೋಡಿದೆ.

ಆ ಲೆಕ್ಕ ತಪ್ಪಲ್ಲ. ಆದರೆ ಅದು ಅರ್ಧ ಲೆಕ್ಕ. ದುಡ್ಡು ಬೆಳೆಯುವ ಹೊತ್ತಿಗೆ ಖರ್ಚೂ ಬೆಳೆಯುತ್ತದೆ. ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೂ 36 ವರ್ಷದಲ್ಲಿ ಅದೇ ಪ್ರವಾಸಕ್ಕೆ ಸುಮಾರು 6 ಪಟ್ಟು ಬೇಕು. ಹಾಗಾಗಿ ಹದಿನಾರು ಪ್ರವಾಸ ಅಲ್ಲ, ಮೂರಕ್ಕೂ ಕಡಿಮೆ. ಅದೂ 60ನೇ ವಯಸ್ಸಲ್ಲಿ. ಹೋಗಲಿ, ಮೂರು ಅಂದರೂ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಇಡೀ ಲೆಕ್ಕ ನಿಂತಿರುವುದು ಒಂದೇ ಮಾತಿನ ಮೇಲೆ. ಮುಟ್ಟದೆ ಬಿಟ್ಟರೆ.

ನಾನು ಮುಟ್ಟಿದೆ. ಎರಡೇ ವರ್ಷದಲ್ಲಿ. ಒಂದು ಹೊಸ ಫೋನ್ ಬಂತು. ಮನೆ ಬದಲಾಯಿಸಿದಾಗ ಮಂಚ, ಸೋಫಾ ಬಂತು. ಗಾಡಿ ರಿಪೇರಿಗೆ ಒಂದಷ್ಟು ಹೋಯಿತು. ಒಂದೊಂದೂ ಆಗ ಬೇಕೇ ಬೇಕು ಅನ್ನಿಸಿದ್ದೇ. 26ನೇ ಹುಟ್ಟುಹಬ್ಬದ ದಿನ ಖಾತೆ ತೆಗೆದು ನೋಡಿದರೆ ಕಾಲು ಭಾಗವೂ ಉಳಿದಿರಲಿಲ್ಲ. ಬೆಟ್ಟವೂ ಇಲ್ಲ, ದುಡ್ಡೂ ಇಲ್ಲ. ಅವತ್ತು ಅತ್ತಿದ್ದೇನೆ.

ಹಾಗಾಗಿ ಯಾರಾದರೂ "ಹೋಗಬೇಡ, ಉಳಿಸು" ಅಂದರೆ ನಾನು ಕೇಳೋದು ಒಂದೇ. ಯಾವುದಕ್ಕೆ ಉಳಿಸೋದು? ಮನೆಗೋ, ಓದಿಗೋ, ವಯಸ್ಸಾದ ಕಾಲಕ್ಕೋ? ಉತ್ತರ ಇದ್ದರೆ ಸರಿ, ಆ ದುಡ್ಡು ನಿಲ್ಲುತ್ತದೆ. ಸುಮ್ನೆ ಇರಲಿ ಅಂತ ಇಟ್ಟ ದುಡ್ಡು ನಿಲ್ಲಲ್ಲ. ಅದು ಚೂರು ಚೂರಾಗಿ ಕರಗಿ, ಯಾವುದಕ್ಕೆ ಹೋಯಿತು ಅಂತಲೂ ನೆನಪಿರಲ್ಲ.

ಆಮೇಲೆ ನಾನು ಎರಡು ಖಾತೆ ಮಾಡಿದೆ. ಒಂದರಲ್ಲಿ ಆರು ತಿಂಗಳ ಖರ್ಚು. ಬಾಡಿಗೆ, ಊಟ, ಓಡಾಟ, ಔಷಧಿ ಎಲ್ಲ ಸೇರಿ. ಅದು ತುಂಬುವ ತನಕ ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಅದು ತುಂಬಿದ ಮೇಲೆ ಎರಡನೆಯದು ಶುರು. ಅದರ ಹೆಸರು 'ಬೆಟ್ಟ'. ಬ್ಯಾಂಕಿನ ಆ್ಯಪ್ ತೆಗೆದಾಗೆಲ್ಲ ಆ ಹೆಸರು ಕಣ್ಣಿಗೆ ಬೀಳುತ್ತಿತ್ತು. ಬೆಟ್ಟದ ದುಡ್ಡಲ್ಲಿ ಸೋಫಾ ತರೋಕೆ ಮನಸ್ಸು ಬರಲಿಲ್ಲ.

28ಕ್ಕೆ ಹೋದೆ.

ಆ ಬೆಟ್ಟದ ಬಗ್ಗೆ ಸ್ವಲ್ಪ ಹೇಳಲೇಬೇಕು. "ವಯಸ್ಸಿದ್ದಾಗಲೇ ಹೋಗಿಬಿಡು, ಮೈಯಲ್ಲಿ ಶಕ್ತಿ ಇರುತ್ತೆ" ಅಂತ ಎಲ್ಲರೂ ಹೇಳುತ್ತಾರಲ್ಲ, ಅಲ್ಲಿ ಆ ಮಾತು ನನಗೆ ಬೇರೆ ಥರ ಕಂಡಿತು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಉಸಿರಿಗೆ ಆಮ್ಲಜನಕ ಸಾಲದೆ ತಲೆನೋವು, ವಾಂತಿ ಬರುವ ಎತ್ತರದ ಕಾಯಿಲೆ ಹರೆಯದವರನ್ನು ಬಿಡಲ್ಲ. ದಿನಾ ಓಡುವವರನ್ನೂ ಬಿಡಲ್ಲ. ಎಷ್ಟೋ ಸಲ ಗಟ್ಟಿಮುಟ್ಟಾದವರೇ ಬೇಗ ಬೇಗ ಹತ್ತಿ ತೊಂದರೆ ಮಾಡಿಕೊಳ್ಳುತ್ತಾರೆ. ಅಲ್ಲಿಯ ಗೈಡ್‌ಗಳು ಹೆಜ್ಜೆ ಹೆಜ್ಜೆಗೂ "ಪೋಲೆ ಪೋಲೆ" ಅನ್ನುತ್ತಿರುತ್ತಾರೆ. ಸ್ವಾಹಿಲಿಯಲ್ಲಿ ಹಾಗಂದರೆ ನಿಧಾನ, ನಿಧಾನ. ಮೈ ಒಗ್ಗಬೇಕಾದರೆ ದಿನಗಳು ಬೇಕು. ಐದು ದಿನದಲ್ಲಿ ಹತ್ತಿ ಇಳಿಯುವ ಪ್ಯಾಕೇಜ್ ಕಡಿಮೆಗೆ ಸಿಗುತ್ತದೆ. ಏಳೆಂಟು ದಿನದ್ದಕ್ಕೆ ಜಾಸ್ತಿ. ಆದರೆ ತುದಿ ಮುಟ್ಟುವವರು ಹೆಚ್ಚು ಇರುವುದು ಜಾಸ್ತಿ ದಿನ ತೆಗೆದುಕೊಂಡವರಲ್ಲೇ.

24ರಲ್ಲಿ ಹೋಗಿದ್ದರೆ ನಾನು ಖಂಡಿತ ಆ ಐದು ದಿನದ್ದನ್ನೇ ಆರಿಸುತ್ತಿದ್ದೆ. ದುಡ್ಡು ಅಷ್ಟೇ ಇತ್ತು. ತೀರಾ ಅಗ್ಗದಲ್ಲಿ ಹೊರಟರೆ ಆ ಉಳಿತಾಯ ಬರುವುದು ಎಷ್ಟೋ ಸಲ ಹೊರೆ ಹೊರುವವರ ಕೂಲಿಯಿಂದ. ನಮ್ಮ ಟೆಂಟು, ನಮ್ಮ ಊಟ ಹೊತ್ತು ನಮಗಿಂತ ಮುಂಚೆ ಮೇಲೆ ತಲುಪಿರುತ್ತಿದ್ದ ಆ ಹುಡುಗರನ್ನು ನೋಡಿದ ಮೇಲೆ, ಈ ವಿಷಯದಲ್ಲಿ ನಾನು ಯಾರಿಗೂ ರಾಜಿ ಮಾಡಿಕೊಳ್ಳಿ ಅನ್ನಲ್ಲ. ಇನ್ನೊಂದು, ವಿಮೆ. ಸಾಮಾನ್ಯ ಪ್ರವಾಸದ ಪಾಲಿಸಿಗಳಲ್ಲಿ ಇಷ್ಟು ಎತ್ತರ ಸೇರಿರುವುದು ಕಡಿಮೆ. ಎಷ್ಟು ಮೀಟರ್ ತನಕ ಅಂತ ಓದಿ ನೋಡಿಯೇ ತೆಗೆದುಕೊಳ್ಳಬೇಕು.

ಕೊನೆಯ ಹತ್ತುವಿಕೆ ನಡುರಾತ್ರಿ ಶುರುವಾಗುತ್ತದೆ. ಬರಾಫು ಅನ್ನುವ ಕ್ಯಾಂಪಿನಿಂದ ಹೊರಟೆವು. ಬರಾಫು ಅಂದರೆ ಅವರ ಭಾಷೆಯಲ್ಲಿ ಮಂಜುಗಡ್ಡೆ. ಬಾಟಲಿಯ ನೀರು ಗಟ್ಟಿಯಾಗಿತ್ತು. ಬೆಳಕು ಹರಿಯುವಾಗ ಮೇಲಿದ್ದೆ. ಪುಸ್ತಕದಲ್ಲಿ ನೋಡಿದ್ದ ಆ ಹಿಮ ಪಕ್ಕದಲ್ಲಿ ಗೋಡೆಯ ಹಾಗೆ ನಿಂತಿತ್ತು. 1912ರಲ್ಲಿ ಇದ್ದ ಹಿಮದಲ್ಲಿ ಸುಮಾರು ಶೇ. 85ರಷ್ಟು 2007ರ ಹೊತ್ತಿಗೇ ಕರಗಿಹೋಗಿತ್ತು. ನಾನು 60ಕ್ಕೆ ಬಂದಿದ್ದರೆ ದುಡ್ಡು ಇರುತ್ತಿತ್ತೇನೋ. ಆ ಗೋಡೆ ಇರುತ್ತಿತ್ತು ಅಂತ ಅನ್ನಿಸಲ್ಲ.

ಹರೆಯ ನನಗೆ ಕೊಟ್ಟಿದ್ದು ಶಕ್ತಿಗಿಂತ ಜಾಸ್ತಿ ಬಿಡುವನ್ನು. ಮನೆಯಲ್ಲಿ ಕಾಯುವ ಮಗು ಇರಲಿಲ್ಲ, ಸಾಲದ ಕಂತು ಇರಲಿಲ್ಲ. ಖಾಲಿಯಾಗಿದ್ದನ್ನು ಮತ್ತೆ ದುಡಿಯೋಕೆ ಮುಂದೆ ಮೂವತ್ತು ವರ್ಷ ಇತ್ತು.

ವಾಪಸ್ ಬಂದು ನಾಲ್ಕು ತಿಂಗಳಿಗೆ ಕೆಲಸ ಹೋಯಿತು. ಕಂಪನಿ ನಮ್ಮ ತಂಡವನ್ನೇ ಮುಚ್ಚಿತು. ಮೊದಲ ವಾರ ಎದೆ ಡವಡವ ಅನ್ನುತ್ತಿತ್ತು. ಆ ಮೊದಲ ಖಾತೆ ಇತ್ತಲ್ಲ, ಆರು ತಿಂಗಳದ್ದು, ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಐದನೇ ತಿಂಗಳಿಗೆ ಬೇರೆ ಕೆಲಸ ಸಿಕ್ಕಿತು. ಆ ಖಾತೆ ಇಲ್ಲದೇ ಹೋಗಿದ್ದರೆ ಇವತ್ತು ಕಿಲಿಮಂಜಾರೋ ಹೆಸರು ಕೇಳಿದರೇ ನನಗೆ ಹೊಟ್ಟೆ ಉರಿಯುತ್ತಿತ್ತು. ಕ್ರೆಡಿಟ್ ಕಾರ್ಡ್ ಮೇಲೆ ಹೋಗಿ ಬಂದು, ಪ್ರವಾಸ ಮರೆತರೂ ಕಂತು ಮುಗಿಯದೆ ಒದ್ದಾಡಿದವರನ್ನು ಹತ್ತಿರದಿಂದ ನೋಡಿದ್ದೇನೆ. ಸಾಲ ಮಾಡಿ ಹೋಗಿ ಅಂತ ನಾನು ಯಾವತ್ತೂ ಹೇಳಲ್ಲ.

ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಅನ್ನುವ ಮನಶ್ಶಾಸ್ತ್ರಜ್ಞರು 1994ರಲ್ಲಿ ಒಂದು ಅಧ್ಯಯನ ಬರೆದಿದ್ದರು. ಹತ್ತಿರದ ದಿನಗಳಲ್ಲಿ ಜನ ಮಾಡಿದ್ದಕ್ಕೆ ಕೊರಗುತ್ತಾರೆ, ವರ್ಷಗಳು ಕಳೆದ ಮೇಲೆ ಮಾಡದೇ ಬಿಟ್ಟಿದ್ದಕ್ಕೆ ಕೊರಗುತ್ತಾರೆ ಅಂತ. ಕೆಲಸ ಹೋದ ವಾರ ನನಗೂ "ಯಾಕಾದರೂ ಹೋದೆನೋ" ಅನ್ನಿಸಿತ್ತು. ಈಗ ಹಾಗೆ ಒಂದು ದಿನವೂ ಅನ್ನಿಸಲ್ಲ.

ಆದರೆ ಒಂದು ಮಾತು. ದುಡಿದಿದ್ದನ್ನೆಲ್ಲ ಮನೆಗೆ ಕೊಡಬೇಕಾದವರು ತುಂಬಾ ಜನ ಇದ್ದಾರೆ. ಅಮ್ಮನ ಔಷಧಿ, ತಮ್ಮನ ಫೀಸು. ಅಂಥವರಿಗೆ "ಒಂದೇ ಜೀವನ, ಹೋಗಿಬಿಡು" ಅನ್ನೋದು ನನಗೆ ಸರಿ ಕಾಣಲ್ಲ. ಅವರು ಹೋಗದೆ ಇರುವುದು ಧೈರ್ಯ ಇಲ್ಲದೆ ಅಲ್ಲ.

ತಂಗಿಗೆ ನೋಡಬೇಕಿರುವುದು ಉತ್ತರದ ಬೆಳಕು, ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು. ನಾರ್ವೆಯ ಟ್ರೊಮ್ಸೊಗೆ ಹೋಗಬೇಕಂತೆ. "ಸೂರ್ಯನ 11 ವರ್ಷದ ಚಕ್ರ ಈಗ ಇಳೀತಾ ಇದೆ ಅಕ್ಕಾ, ಈಗಲೇ ಹೋಗದಿದ್ರೆ ಸಿಗಲ್ಲ" ಅಂತ ಅವಳ ಆತುರ. ಸೂರ್ಯನ ಅಬ್ಬರ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಏರಿದಾಗ ಈ ಬೆಳಕೂ ಜಾಸ್ತಿ. ಹೌದು, 2024ರ ಸುಮಾರಿಗೆ ಅದು ತುದಿಯಲ್ಲಿತ್ತು. ಆದರೆ ಅಷ್ಟು ಉತ್ತರದಲ್ಲಿ ಸೂರ್ಯ ತಣ್ಣಗಿರುವ ವರ್ಷಗಳಲ್ಲೂ ಚಳಿಗಾಲದ ರಾತ್ರಿಗಳಲ್ಲಿ ಬೆಳಕು ಕಾಣುತ್ತದೆ. ಕಿಲಿಮಂಜಾರೋದ ಹಿಮದ ಹಾಗಲ್ಲ ಅದು, ಒಂದು ವರ್ಷ ಕಾಯುತ್ತದೆ. ಅವಳ ಹತ್ತಿರ ಇರುವುದು ಪ್ರವಾಸಕ್ಕೆ ಸಾಕು. ಆರು ತಿಂಗಳ ಖರ್ಚು ತೆಗೆದಿಟ್ಟರೆ ಸಾಲಲ್ಲ. ಇದನ್ನು ಹೇಳುವಾಗ ನನಗೇ ಬೇಜಾರಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮುಂದಿನ ಚಳಿಗಾಲ ಅಂದ್ರೆ ತುಂಬಾ ದೂರ ಅಕ್ಕಾ" ಅಂದಳು.

ಇವತ್ತು ಬೆಳಗ್ಗೆ ಅವಳ ಮೆಸೇಜ್ ಬಂದಿತ್ತು. ಜೊತೆಗೊಂದು ಸ್ಕ್ರೀನ್‌ಶಾಟ್. ಎರಡು ಖಾತೆ. ಮೊದಲನೆಯದು ತುಂಬಿತ್ತು. ಎರಡನೆಯದರಲ್ಲಿ ಉಳಿದ ಸ್ವಲ್ಪ ದುಡ್ಡು, ಅದರ ಮೇಲೆ ಹೆಸರು: 'ಬೆಳಕು'.