ಕಲ್ಲಿಗೆ ಕಾರ್ಬನ್ ಡೇಟಿಂಗ್ ಆಗಲ್ಲ ಸ್ವಾಮಿ

"ಈ ಕಲ್ಲಿನ ವಿಗ್ರಹ ಹತ್ತು ಸಾವಿರ ವರ್ಷ ಹಳೆಯದು, ಕಾರ್ಬನ್ ಡೇಟಿಂಗ್‌ನಲ್ಲಿ ಸಾಬೀತಾಗಿದೆ." ಈ ತರದ ಫಾರ್ವರ್ಡ್ ನಿಮಗೂ ಬಂದಿರುತ್ತೆ ಅಲ್ವಾ? ಓದಿದವರೂ ಸುಮ್ನೆ ಶೇರ್ ಮಾಡ್ತಾರೆ. ಬೇಜಾರಾಗೋದು ಅದಕ್ಕೆ.

ಈ ಪರೀಕ್ಷೆ ಅಳೆಯುವುದು ಕಾರ್ಬನ್-14 ಅನ್ನುವ ಒಂದು ಬಗೆಯ ಇಂಗಾಲವನ್ನು. ಅದು ಹುಟ್ಟುವುದು ಮೇಲೆ, ಗಾಳಿಯಲ್ಲಿ. ಕಾಸ್ಮಿಕ್ ಕಿರಣಗಳಿಂದ ಸಿಡಿದ ನ್ಯೂಟ್ರಾನ್ ಸಾರಜನಕಕ್ಕೆ ಬಡಿದು ಅದು ಆಗುತ್ತದೆ. ಗಾಳಿಯಿಂದ ಗಿಡಕ್ಕೆ, ಗಿಡ ಮೇಯ್ದ ದನಕ್ಕೆ, ಆಮೇಲೆ ನಮಗೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ, ಸುಮಾರು 5730 ವರ್ಷಕ್ಕೆ ಅರ್ಧ. 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ. ಅಂದರೆ ಇದ್ದಿಲು, ಮೂಳೆ, ಕಾಳು, ಬಟ್ಟೆ ಇವುಗಳಿಗೆ ಮಾತ್ರ ಈ ಲೆಕ್ಕ. ಕಲ್ಲು ಯಾವತ್ತು ಉಸಿರಾಡಿತ್ತು?

ಸರಿ, ಮರದ ತುಂಡೇ ಸಿಕ್ಕಿತು ಅಂದುಕೊಳ್ಳಿ. ಅದೂ ಸಾಲದು. 2002ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯ ತಳದಲ್ಲಿ ಒಂಬತ್ತು ಸಾವಿರ ವರ್ಷ ಹಳೆಯ ನಗರ ಇದೆ ಅಂತ ದೊಡ್ಡ ಸುದ್ದಿಯಾಯಿತು. ಆ ವಯಸ್ಸು ಸಮುದ್ರದ ತಳ ಕೆದಕಿ ಎತ್ತಿದ ಮರದ ತುಂಡಿನದು! ಮರ ಅಷ್ಟು ಹಳೆಯದೇ ಇರಬಹುದು, ಆದರೆ ಹೊಳೆಯಲ್ಲಿ ಎಲ್ಲಿಂದಲೋ ತೇಲಿಬಂದ ಮರ ಊರಿನ ಜಾತಕ ಹೇಳುತ್ತದಾ? ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದು ಗೊತ್ತಿಲ್ಲದಿದ್ದರೆ ಆ ಅಂಕಿ ಮರಕ್ಕಷ್ಟೇ ಸೇರಿದ್ದು.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಕಾರ್ಬನ್ ಡೇಟಿಂಗ್ ನಿಜವಾಗಿಯೂ ನಮ್ಮ ಚರಿತ್ರೆಯನ್ನು ಹಿಂದಕ್ಕೆ ಒಯ್ದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಅಮೆರಿಕದಲ್ಲಿ ರಸಾಯನ ವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ತಮ್ಮ ಕಾರ್ಬನ್ ಡೇಟಿಂಗ್ ವಿಧಾನದ ಮೊದಲ ಫಲಿತಾಂಶಗಳನ್ನು ಹೊರತಂದದ್ದು ಆಮೇಲೆ, 1949ರಲ್ಲಿ (1960ರಲ್ಲಿ ನೊಬೆಲ್ ಬಂತು). ಹಾಗಾಗಿ ವೀಲರ್ ಕೈಲಿದ್ದದ್ದು ಮಡಕೆ ಚೂರು, ರೋಮನ್ ನಾಣ್ಯದ ಹೋಲಿಕೆ ಇಷ್ಟೇ. ಅದರ ಮೇಲೆ ಅವರು ಅಲ್ಲಿನ ಬೃಹತ್ ಶಿಲಾ ಸಮಾಧಿಗಳ ಜನ, ಅಂದರೆ ಕಬ್ಬಿಣ ಬಳಸಿದ ಜನ, ಕ್ರಿ.ಪೂ. 200ರ ಹೊತ್ತಿಗೆ ಬಂದರು ಅಂದರು. ಆಗಿನ ಮಟ್ಟಿಗೆ ಅದು ಜಾಣ ಲೆಕ್ಕವೇ.

ಆಮೇಲೆ 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದರು, ಈಗಿನ ಹಾವೇರಿ ಜಿಲ್ಲೆ. ಕಬ್ಬಿಣ ಬಳಕೆಗೆ ಬಂದ ಪದರದ ಇದ್ದಿಲನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದರು. ಉತ್ತರ ಬಂದದ್ದು ಕ್ರಿ.ಪೂ. 1000ದ ಆಸುಪಾಸು! ಎಂಟು ನೂರು ವರ್ಷ ಒಂದೇ ಏಟಿಗೆ ಹಿಂದಕ್ಕೆ. ಒಂದು ಹಿಡಿ ಇದ್ದಿಲಿನಿಂದ. ಇದು ನಮ್ಮ ಊರಿನದು, ಪದರ ಸಮೇತ ದಾಖಲಾದದ್ದು. ಇದಕ್ಕೆ ಲೈಕ್ ಇಲ್ಲ.

ಇನ್ನೊಂದು ವಿಷಯ. ಕಾರ್ಬನ್ ಕೂಡ ಎಲ್ಲ ಕಾಲಕ್ಕೂ ಕರಾರುವಾಕ್ಕಾಗಿ ಹೇಳಲ್ಲ. ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣ ಏರಿಳಿದಿದೆ, ಅದಕ್ಕೇ ಮರದ ಉಂಗುರಗಳ ಜೊತೆ ತಾಳೆ ನೋಡಿ ತಿದ್ದುತ್ತಾರೆ. ಕ್ರಿ.ಪೂ. 800ರಿಂದ 400ರ ನಡುವಿನ ಇದ್ದಿಲಾದರೆ ತಿದ್ದಿದ ಮೇಲೂ ಉತ್ತರ ಮುನ್ನೂರು ನಾನೂರು ವರ್ಷದಷ್ಟು ಅಗಲವಾಗಿ ಬರುವುದುಂಟು. ಅದಕ್ಕೇ ಒಂದೇ ಒಂದು ಇಸವಿ ಹಿಡಿದುಕೊಂಡು ಕುಣಿಯುವವರನ್ನು ನಾನು ನಂಬಲ್ಲ, ಯಾವ ರಾಜ್ಯದವರಾದರೂ ಸರಿ.

ಇಷ್ಟೆಲ್ಲಾ ಹೇಳಬಲ್ಲ ಇದ್ದಿಲು, ಸುಟ್ಟ ಕಾಳು, ದನದ ಮೂಳೆ ಬಳ್ಳಾರಿ, ರಾಯಚೂರು ಕಡೆಯ ಬೂದಿ ದಿಬ್ಬಗಳಲ್ಲಿ (ಆ ಕಾಲದವರು ದನದ ಸಗಣಿ ಸುಟ್ಟ ರಾಶಿಗಳು), ಹೊಸ ಶಿಲಾಯುಗದ ನೆಲೆಗಳಲ್ಲಿ ಇನ್ನೂ ಇವೆ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಹತ್ತಿರ ಜಲ್ಲಿಗಾಗಿ ಕಲ್ಲು ಒಡೆದದ್ದರಿಂದ ಹಳೆಯ ನೆಲೆಗಳಿಗೆ ಪೆಟ್ಟು ಬಿದ್ದಿದೆ. ಹತ್ತು ಸಾವಿರ ವರ್ಷದ ಹೆಮ್ಮೆಯವರು ಅದರ ಬಗ್ಗೆ ಒಂದು ಪೋಸ್ಟ್ ಹಾಕಿದ್ದನ್ನು ನಾನಂತೂ ನೋಡಿಲ್ಲ.