ಅವಳು ಹೇಳಿದ ಉತ್ತರ ಸರಿಯಾಗಿಯೇ ಇತ್ತು

ನಿನ್ನೆ ಒಂದು ಶಾಲೆಯ ಕ್ವಿಜ್ ನೋಡಲು ಹೋಗಿದ್ದೆ. ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ಪ್ರಶ್ನೆ ಇದು: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಪಾಲಾದಾಗ ಕೊನೆಗೊಂಡ ಸಾಮ್ರಾಜ್ಯ ಯಾವುದು? ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟನೆ ‘ರೋಮನ್ ಸಾಮ್ರಾಜ್ಯ’ ಅಂದಳು. ‘ತಪ್ಪು, ಅದು 476ರಲ್ಲೇ ಮುಗಿದಿತ್ತು’ ಎಂದರು ಕ್ವಿಜ್ ಮಾಡುತ್ತಿದ್ದವರು. ಕೆಲವರು ನಕ್ಕರು. ಪಕ್ಕದ ತಂಡ ‘ಬೈಜಾಂಟೈನ್’ ಎಂದು ಹತ್ತು ಅಂಕ ತೆಗೆದುಕೊಂಡಿತು. ಆ ಮಗು ಆಮೇಲೆ ಒಂದು ಪ್ರಶ್ನೆಗೂ ಬಾಯಿ ಬಿಡಲಿಲ್ಲ.

ಅವಳದು ತಪ್ಪಲ್ಲ ಸ್ವಾಮಿ. ಅವಳು ಹೇಳಿದ್ದೇ ಸರಿ. 476ರಲ್ಲಿ ಮುಗಿದದ್ದು ಸಾಮ್ರಾಜ್ಯದ ಪಶ್ಚಿಮ ಭಾಗ ಮಾತ್ರ. ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಈಗಿನ ಇಸ್ತಾನ್‌ಬುಲ್‌ನಿಂದ, ಆಳುತ್ತಿದ್ದ ಪೂರ್ವ ಭಾಗ 1453ರವರೆಗೂ ಇತ್ತು.

1453ರ ಮೇ 29ರಂದು ಕೋಟೆ ಕಾಯುತ್ತಾ ಸತ್ತ ಹನ್ನೊಂದನೇ ಕಾನ್‌ಸ್ಟಾಂಟೈನ್‌ನ ಬಿರುದು ‘ರೋಮನ್ನರ ಚಕ್ರವರ್ತಿ’. ಅವನ ಪ್ರಜೆಗಳು ಗ್ರೀಕ್ ಮಾತಾಡುತ್ತಿದ್ದರು. ಆ ಗ್ರೀಕ್‌ನಲ್ಲೇ ತಮ್ಮನ್ನು ‘ರೊಮೈಯಿ’ ಎಂದು ಕರೆದುಕೊಳ್ಳುತ್ತಿದ್ದರು, ಅಂದರೆ ರೋಮನ್ನರು. ಅವರ ನಾಡಿಗೆ ಅವರೇ ಇಟ್ಟುಕೊಂಡಿದ್ದ ಹೆಸರು ‘ರೊಮಾನಿಯಾ’. ಬೈಜಾಂಟಿಯನ್ ಅನ್ನುವುದು ರಾಜಧಾನಿ ಕಟ್ಟುವ ಮೊದಲು ಅಲ್ಲಿದ್ದ ಹಳೇ ಊರಿನ ಹೆಸರು. 330ರಲ್ಲಿ ಅದು ಮೊದಲನೇ ಕಾನ್‌ಸ್ಟಾಂಟೈನ್ ಚಕ್ರವರ್ತಿಯ ಪಟ್ಟಣ, ಕಾನ್‌ಸ್ಟಾಂಟಿನೋಪಲ್ ಆಯಿತು. ಆಮೇಲೂ ಅವರು ‘ಬೈಜಾಂಟೈನ್’ ಎಂದು ಬರೆಯುತ್ತಿದ್ದರೆ ಅದು ಆ ಊರಿನವರಿಗೆ ಮಾತ್ರ. ಇಡೀ ಸಾಮ್ರಾಜ್ಯಕ್ಕಲ್ಲ.

ಮತ್ತೆ ಆ ಹೆಸರು ಅಂಟಿಸಿದ್ದು ಯಾರು? ಹಿಯರೋನಿಮಸ್ ವೂಲ್ಫ್ ಎಂಬ ಜರ್ಮನ್ ಪಂಡಿತ, ಅದೂ 1557ರಲ್ಲಿ. ಸಾಮ್ರಾಜ್ಯ ಸತ್ತು 104 ವರ್ಷ ಆದಮೇಲೆ! ಎಲ್ಲ ಕಡೆ ಅದೇ ಗಟ್ಟಿಯಾಗಿ ಕೂತದ್ದು ಇನ್ನೂ ತಡವಾಗಿ, 19ನೇ ಶತಮಾನದಲ್ಲಿ. ಬದುಕಿದ್ದಾಗ ತಮ್ಮ ಸಾಮ್ರಾಜ್ಯಕ್ಕೆ ತಾವು ಇಟ್ಟುಕೊಳ್ಳದ ಹೆಸರಿನಲ್ಲಿ ಆ ಜನರನ್ನು ಇವತ್ತಿಗೂ ಕರೆಯುತ್ತಿದ್ದೇವೆ.

ಹೆಸರು ಕಿತ್ತುಕೊಳ್ಳುವ ಆಟ ವೂಲ್ಫ್‌ಗಿಂತ ಬಹಳ ಹಳೆಯದು. 800ರಲ್ಲಿ ಪೋಪ್ ಫ್ರಾಂಕರ ರಾಜ ಶಾರ್ಲಮೇನ್‌ಗೆ ರೋಮನ್ನರ ಚಕ್ರವರ್ತಿ ಎಂದು ಕಿರೀಟ ಇಟ್ಟರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಗ ಐರೀನ್ ಆಳುತ್ತಿದ್ದಳು. ಸಿಂಹಾಸನದ ಮೇಲೆ ಹೆಂಗಸು ಕೂತಿದ್ದಾಳೆ, ಹಾಗಾಗಿ ಅದು ಖಾಲಿ ಎಂದು ವಾದ ಹೂಡಿದರಲ್ಲ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಲ್ಲಿಂದ ಮುಂದೆ ಪಶ್ಚಿಮದವರು ಇವರನ್ನು ‘ಗ್ರೀಕರು’ ಎನ್ನುವುದು ಜಾಸ್ತಿಯಾಯಿತು. 968ರಲ್ಲಿ ಪೋಪ್ ಕಡೆಯಿಂದ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ನಿಕೆಫೊರಸ್ ಫೋಕಸ್‌ಗೆ ಒಂದು ಪತ್ರ ಬಂತು, ‘ಗ್ರೀಕರ ಚಕ್ರವರ್ತಿಗೆ’ ಎಂದು. ಪತ್ರ ತಂದವರನ್ನು ಜೈಲಿಗೆ ಹಾಕಿದರು. ಅಷ್ಟು ನೋವಾಗಿತ್ತು ಅವರಿಗೆ.

ಒಬ್ಬ ಗೆಳೆಯನಿಗೆ ರಾತ್ರಿಯೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಅಲ್ಲಯ್ಯಾ, ಮಾತು ಗ್ರೀಕ್, ರೋಮ್ ಊರೇ ಕೈಯಲ್ಲಿಲ್ಲ, ಬೇರೆ ಹೆಸರಿದ್ರೆ ಓದೋರಿಗೆ ಸುಲಭ ಅಲ್ವಾ?’ ಅಂದ. ಸುಲಭ ಯಾರಿಗೆ? 212ರಲ್ಲಿ ರೋಮನ್ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ರೋಮನ್ ಪೌರತ್ವ ಕೊಟ್ಟ. ಅವತ್ತು ಗ್ರೀಕ್ ಮಾತಾಡುವವರೂ ರೋಮನ್ನರಾದರು. ಆಮೇಲೆ ಅವರು ಅದನ್ನು ಬಿಟ್ಟುಕೊಟ್ಟಿದ್ದು ಯಾವಾಗ? ಊರಿನ ಮಾತಂತೂ ಎತ್ತಲೇಬೇಡಿ. ಪಶ್ಚಿಮದ ಕೊನೆಕೊನೆಯ ಚಕ್ರವರ್ತಿಗಳು ಹೆಚ್ಚಾಗಿ ಕೂತು ಆಳಿದ್ದು ಮಿಲಾನ್‌ನಲ್ಲಿ, ರಾವೆನ್ನಾದಲ್ಲಿ. ಅವರು ಮಾತ್ರ ರೋಮನ್ನರೇ, ಇವರಲ್ಲವೇ?

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು. ವರ್ಷಗಟ್ಟಲೆ ಬೋರ್ಡಿನ ಮೇಲೆ ‘476, ರೋಮನ್ ಸಾಮ್ರಾಜ್ಯದ ಅಂತ್ಯ’ ಎಂದು ಬರೆದಿದ್ದೇನೆ. ಒಮ್ಮೆ ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು, ಇದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮೊಹಮ್ಮದ್ ಬಿನ್ ಹಸನ್ ರೂಮಿ ಎಂದೆ. ಒಬ್ಬ ಹುಡುಗ ಕೇಳಿದ, ‘ಸರ್, ರೂಮಿ ಅಂದ್ರೆ ರೋಮ್‌ನವನಾ?’ ‘ಇಲ್ಲಪ್ಪ, ತುರ್ಕಿಯವನು, ಸುಮ್ನೆ ಏನೇನೋ ಹೇಳಬೇಡ’ ಎಂದು ಬಾಯಿ ಮುಚ್ಚಿಸಿದೆ.

ಅವನ ಪ್ರಶ್ನೆಯಲ್ಲೇ ಉತ್ತರ ಇತ್ತು. ಅರಬರಿಗೆ, ಪರ್ಷಿಯನ್ನರಿಗೆ, ತುರ್ಕರಿಗೆ ಆ ಸೀಮೆ ಯಾವಾಗಲೂ ‘ರೂಮ್’. ಕುರಾನಿನ 30ನೇ ಅಧ್ಯಾಯದ ಹೆಸರೇ ‘ಅರ್-ರೂಮ್’. ಆ ಸೀಮೆಯ ಕೊನ್ಯಾ ಊರಿನಲ್ಲಿ ಬಾಳಿದ ಕವಿ ಜಲಾಲುದ್ದೀನ್ ರೂಮಿ ಆಗಿದ್ದು ಹಾಗೇ. ಕಾನ್‌ಸ್ಟಾಂಟಿನೋಪಲ್ ಗೆದ್ದ ಮೆಹಮದ್ ಕೂಡ ತನ್ನನ್ನು ‘ಕೈಸರ್-ಎ-ರೂಮ್’ ಎಂದ, ರೋಮ್‌ನ ಸೀಸರ್ ಎಂದು. ನಗರ ಕಿತ್ತುಕೊಂಡವನು ಹೆಸರು ಉಳಿಸಿದ. ವೂಲ್ಫ್‌ನ ಪುಸ್ತಕ ಬರುವ ಎಂಟು ವರ್ಷ ಮೊದಲು ಎರಕವಾದ ತೋಪಿನ ಮೇಲೆ ಆ ಹೆಸರು ಕೆತ್ತಿದೆ, ನಮ್ಮ ವಿಜಯಪುರದ ಬುರುಜಿನ ಮೇಲೆ ಈಗಲೂ ಇದೆ. ನಾನು ಅದರ ಮುಂದೆಯೇ ನಿಂತು ಒಬ್ಬ ಹುಡುಗನಿಗೆ ತಪ್ಪು ಹೇಳಿಕೊಟ್ಟೆ. ಅವನು ಈಗ ಎಲ್ಲಿದ್ದಾನೋ.

ಇನ್ನೊಂದು ಇದೆ, ಓದಿ. 1912ರಲ್ಲಿ ಗ್ರೀಕ್ ಸೈನ್ಯ ಅಲ್ಲಿಯವರೆಗೆ ತುರ್ಕರ ಆಳ್ವಿಕೆಯಲ್ಲಿದ್ದ ಲೆಮ್ನೋಸ್ ದ್ವೀಪಕ್ಕೆ ಬಂದಿಳಿಯಿತು. ಹೆಲ್ಲೇನರು (ಗ್ರೀಕರು ತಮ್ಮನ್ನು ಕರೆದುಕೊಳ್ಳುವ ಹೆಸರು) ಅಂದರೆ ಹೇಗಿರುತ್ತಾರೆ ಎಂದು ಮಕ್ಕಳು ನೋಡಲು ಓಡಿದರು. ‘ನೀವೂ ಹೆಲ್ಲೇನರೇ ಅಲ್ಲವಾ?’ ಎಂದು ಸೈನಿಕ ಕೇಳಿದ. ‘ಇಲ್ಲ, ನಾವು ರೋಮನ್ನರು’ ಎಂದವು ಮಕ್ಕಳು. ಅದೇ ದ್ವೀಪದಲ್ಲಿ ಹುಟ್ಟಿ ಮುಂದೆ ಇತಿಹಾಸಕಾರನಾದ ಪೀಟರ್ ಚರಾನಿಸ್ ಇದನ್ನು ಹೇಳಿದ್ದಾರೆ. 1453 ಕಳೆದು 459 ವರ್ಷ ಆದಮೇಲೂ ಮಕ್ಕಳ ಬಾಯಲ್ಲಿ ಆ ಹೆಸರಿತ್ತು.

ಕ್ವಿಜ್ ಮುಗಿದ ಮೇಲೆ ಆ ಹುಡುಗಿಯನ್ನು ಹುಡುಕಿದೆ. ಬಸ್ ಹತ್ತುತ್ತಿದ್ದಳು. ‘ನೀನು ಹೇಳಿದ್ದು ಸರಿ ಇತ್ತಮ್ಮ’ ಎಂದೆ. ‘ಮತ್ತೆ ಮಾರ್ಕ್ಸ್ ಯಾಕೆ ಕೊಡಲಿಲ್ಲ ಅಂಕಲ್?’ ಅಂದಳು. ಬಸ್ ಹೊರಟೇಬಿಟ್ಟಿತು.