ಕೆಟ್ಟಿರಲಿಲ್ಲ ಆ ಮಿಕ್ಸಿ

ಮೂರು ದಿನದಿಂದ ನುಂಗಿಕೊಂಡು ಓಡಾಡುತ್ತಿದ್ದೇನೆ. ಇವತ್ತು ಬರೆದುಬಿಡುತ್ತೇನೆ.

ಗುರುವಾರ ಬೆಳಿಗ್ಗೆ ಹಸಿ ಕಸ ಹಾಕಲು ಕೆಳಗೆ ಇಳಿದರೆ, ನಮ್ಮ ಅಪಾರ್ಟ್‌ಮೆಂಟಿನ ಕಸದ ಕೋಣೆಯ ಮುಂದೆ ಒಂದು ಇಡೀ ಅಡುಗೆಮನೆ ಬಿದ್ದಿತ್ತು. ಹನ್ನೊಂದು ಸ್ಟೀಲ್ ಡಬ್ಬಗಳು, ಅಕ್ಕಿ ತುಂಬುವ ಡ್ರಮ್ಮು, ಏಳು ಬಟ್ಟಲಿನ ಒಗ್ಗರಣೆ ಡಬ್ಬ, ಎರಡು ಪಿಂಗಾಣಿ ಉಪ್ಪಿನಕಾಯಿ ಜಾಡಿ, ಹಿಡಿ ಸಡಿಲವಾದ ಬಾಣಲೆ, ಎಲ್ಲದರ ಮೇಲೆ ಮಗುಚಿ ಹಾಕಿದ ಒಂದು ಮಿಕ್ಸಿ. ಮೇಲಿನ ಮಹಡಿಯ ಮನೆಯವರು ಅಡುಗೆಮನೆಯನ್ನು ಅಚ್ಚುಕಟ್ಟು ಮಾಡಿಸಿದ್ದರು. ಅದಕ್ಕೆಂದೇ ಈಗ ಜನ ಬರುತ್ತಾರೆ. ಇರುವುದನ್ನೆಲ್ಲ ಕೆಳಗಿಳಿಸಿ, ಒಂದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹೆಸರಿನ ಚೀಟಿ ಅಂಟಿಸಿ ಹೋಗುತ್ತಾರೆ.

ಕಾವಲುಗಾರ ಹೇಳಿದ, “ಮಿಕ್ಸಿ ಕೆಟ್ಟಿದೆಯಂತೆ ಮೇಡಂ, ಅದಕ್ಕೇ ಹಾಕಿದ್ದಾರೆ.”

ನಾನು ಅದನ್ನು ಎತ್ತಿ ತಳ ನೋಡಿದೆ. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ. ಹಿಟ್ಟು ಗಟ್ಟಿಯಾಗಿ ಮೋಟಾರಿಗೆ ಭಾರ ಹೆಚ್ಚಾದರೆ, ಸುರುಳಿ ಸುಟ್ಟುಹೋಗಬಾರದೆಂದು ಅದು ತಾನಾಗಿ ಹೊರಗೆ ಜಿಗಿದು ಕರೆಂಟು ಕತ್ತರಿಸುತ್ತದೆ. ಹತ್ತು ನಿಮಿಷ ಬಿಟ್ಟು, ಮೋಟಾರು ತಣ್ಣಗಾದ ಮೇಲೆ ಆ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಮುಗಿಯಿತು. ಒತ್ತಿದೆ. ಟಕ್ ಎಂದಿತು. ಕಾವಲುಗಾರನ ಕೋಣೆಯ ಪ್ಲಗ್ಗಿಗೆ ಹಾಕಿ ತಿರುಗಿಸಿದರೆ ಗುರ್ರೆಂದು ಓಡಿತು.

ಆ ಮಿಕ್ಸಿ ಕೆಟ್ಟಿರಲಿಲ್ಲ. ಅದು ತನ್ನನ್ನು ತಾನು ಉಳಿಸಿಕೊಂಡಿತ್ತು. ಮನೆಯವರು ಅದನ್ನು ಉಳಿಸಲಿಲ್ಲ.

ನನ್ನ ಸಿಟ್ಟು ಹಣ ಪೋಲಾಯಿತೆಂದು ಮಾತ್ರ ಅಲ್ಲ. ಅವರ ಹಣ, ಅವರ ಇಷ್ಟ. ‘ಅಚ್ಚುಕಟ್ಟು’ ಎಂಬ ಒಳ್ಳೆಯ ಮಾತನ್ನು ಕೊಳ್ಳುವುದಕ್ಕೆ ಇನ್ನೊಂದು ಹೆಸರು ಮಾಡಿದ್ದಾರಲ್ಲ, ಅದಕ್ಕೆ ನನ್ನ ಸಿಟ್ಟು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆ, ರೈತರ ಮನೆಯಿಂದ ಬಂದವರಿಗೆಲ್ಲ ಗೊತ್ತು. ಕೆರೆಯ ನೀರು ಎಷ್ಟು ಹೊಲಗದ್ದೆಗೆ ಹರಿಯುತ್ತದೆಯೋ ಅಷ್ಟು ಭೂಮಿ ಆ ಕೆರೆಯ ಅಚ್ಚುಕಟ್ಟು. ಇರುವ ನೀರು ಎಷ್ಟು ದೂರ ಮುಟ್ಟುತ್ತದೆ ಎನ್ನುವುದರ ಲೆಕ್ಕ ಅದು. ಕೆರೆಯನ್ನೇ ಒಡೆದು ಹೊಸ ಕೆರೆ ತರಿಸಿದರೆ ಯಾರೂ ಅದನ್ನು ಅಚ್ಚುಕಟ್ಟು ಎನ್ನುವುದಿಲ್ಲ.

ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಎರಡು ಕೋಣೆ, ಆರು ಜನ. ಅವ್ವನ ಅಡುಗೆಮನೆಯಲ್ಲಿ ಒಂದೇ ಅಳತೆಯ ಎರಡು ಡಬ್ಬ ಇರಲಿಲ್ಲ. ಆದರೆ ಕರೆಂಟು ಹೋದ ಕತ್ತಲೆಯಲ್ಲೂ ಅವಳ ಕೈ ನೇರವಾಗಿ ಸಾಸಿವೆಗೇ ಹೋಗುತ್ತಿತ್ತು. ದಿನಾ ಬೇಕಾದದ್ದು ಕೈಗೆಟುಕುವ ಮಾಡದಲ್ಲಿ, ವಾರಕ್ಕೊಮ್ಮೆಯದು ಮೇಲೆ, ವರ್ಷಕ್ಕೊಮ್ಮೆಯದು ಅಟ್ಟದಲ್ಲಿ, ಬೆಕ್ಕಿಗೆ ಸಿಗಬಾರದ ಹಾಲು ಬೆಣ್ಣೆ ನೆಲುವಿನ ಮೇಲೆ. ಮುಚ್ಚಳ ತಗ್ಗಾದ ಡಬ್ಬ ಉಪ್ಪಿನದು, ಕಿವಿ ಮುರಿದದ್ದು ಬೆಲ್ಲದ್ದು. ಚೀಟಿ ಯಾಕೆ ಬೇಕು? ಆ ತಗ್ಗೇ ಅದರ ಹೆಸರು.

ಆ ಪಾರದರ್ಶಕ ಡಬ್ಬಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಬಿಡಲು ಮನಸ್ಸಾಗುತ್ತಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ತರುವುದೇ ಬಣ್ಣಕ್ಕಾಗಿ. ಅದರ ಪುಡಿಯನ್ನು ಕಿಟಕಿಯ ಪಕ್ಕ ಬೆಳಕು ಬೀಳುವ ಡಬ್ಬದಲ್ಲಿಟ್ಟು ನೋಡಿ, ಕೆಲವೇ ತಿಂಗಳಲ್ಲಿ ಇಟ್ಟಿಗೆ ಪುಡಿಯಂತಾಗುತ್ತದೆ. ಅರಿಶಿನವೂ ಅಷ್ಟೇ. ಎಣ್ಣೆಯಂಶವಿರುವ ಶೇಂಗಾ, ಎಳ್ಳು, ಒಣಕೊಬ್ಬರಿ ಬೆಳಕಿಗೂ ಬಿಸಿಗೂ ಬೇಗ ಕಮಟುತ್ತವೆ. ಅಜ್ಜಿಯರು ಸ್ಟೀಲು, ಹಿತ್ತಾಳೆ, ಪಿಂಗಾಣಿಯಲ್ಲಿ ಮುಚ್ಚಿಟ್ಟದ್ದು ಚೆಂದ ಕಾಣಲೆಂದಲ್ಲ. ತೊಗರಿಬೇಳೆಗೆ ನಾಲ್ಕು ಹನಿ ಹರಳೆಣ್ಣೆ ಸವರಿ, ಅಕ್ಕಿಯಲ್ಲಿ ಒಣಗಿದ ಬೇವಿನೆಲೆ ಇಟ್ಟು, ಕಾಳನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆಯೇ ತುಂಬಿದರೆ ಹುಳ ಬರುವುದಿಲ್ಲ. ಬಿಸಿಯಿದ್ದಾಗಲೇ ತುಂಬಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಈ ‘ಆರಿದ ಮೇಲೆ’ ಎಂಬ ಎರಡು ಮಾತಿನಲ್ಲಿ ಇರುವ ಅಚ್ಚುಕಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮನೆಯಲ್ಲಿ ‘ಕೆಟ್ಟುಹೋಯಿತು’ ಎಂದು ನಾವು ಹೊರಗೆ ಹಾಕುವ ವಸ್ತುಗಳಲ್ಲಿ ಎಷ್ಟಕ್ಕೆ ನಿಜವಾಗಿ ಜೀವ ಹೋಗಿರುತ್ತದೆ? ಫ್ಯಾನು ನಿಧಾನವಾಯಿತು ಎನ್ನುತ್ತೀರಿ. ಹತ್ತರಲ್ಲಿ ಎಂಟು ಸಲ ಒಳಗಿನ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗ ಸೋತಿರುತ್ತದೆ, ಇದು ನನ್ನ ಮನೆಯ ಅನುಭವ. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನದು ಸಾಕು, ನೂರು ರೂಪಾಯಿಯೊಳಗೆ ಸಿಗುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೆಯೇ ಅದನ್ನು ಹಾಕಬೇಕು. ಬಾರದವರು ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ, ಅವನಿಗೂ ಒಂದು ಹೊತ್ತಿನ ಕೆಲಸವಾಗುತ್ತದೆ. ಮೋಟಾರು ಓಡಿದರೂ ಮಿಕ್ಸಿ ಜಾರಿನ ಬ್ಲೇಡು ತಿರುಗದಿದ್ದರೆ, ಮೋಟಾರಿಗೂ ಜಾರಿಗೂ ನಡುವಿನ ಕೊಂಡಿಯಾದ ಕಪ್ಲರ್ ಸವೆದಿರುತ್ತದೆ. ಭಾರ ಹೆಚ್ಚಾದಾಗ ಮೋಟಾರಿಗಿಂತ ಮೊದಲು ತಾನು ಮುರಿಯುವುದೇ ಅದರ ಕೆಲಸ. ಕುಕ್ಕರು ಸೀಟಿ ಹಾಕದೆ ಬದಿಯಿಂದ ಹಬೆ ಬಿಟ್ಟರೆ ಗ್ಯಾಸ್ಕೆಟ್ ಹಿಗ್ಗಿದೆ ಎಂದು ಅರ್ಥ, ಹೊಸ ಗ್ಯಾಸ್ಕೆಟ್ ತನ್ನಿ. ಪ್ರತಿ ಸಲ ಬಳಸಿದ ಮೇಲೆ ಮುಚ್ಚಳದಿಂದ ಬಿಚ್ಚಿ, ತೊಳೆದು, ಒಣಗಿಸಿದರೆ ಅದು ಹೆಚ್ಚು ದಿನ ಬಾಳುತ್ತದೆ. ಹಳೆಯದನ್ನೂ ನಾನು ಎಸೆಯುವುದಿಲ್ಲ, ತಳ ಗುಂಡಗಿರುವ ಪಾತ್ರೆ ಕೂರಿಸಲು ಅದಕ್ಕಿಂತ ಒಳ್ಳೆಯ ಸಿಂಬೆ ಇಲ್ಲ.

ನಲ್ಲಿಯ ಮಾತನ್ನಂತೂ ಹೇಳಲೇಬೇಕು. 2024ರ ಬೇಸಿಗೆಯಲ್ಲಿ ಇದೇ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರಿಗಾಗಿ ನಾವು ರಾತ್ರಿ ಕಾದಿದ್ದೇವೆ. ಆಗಲೂ ನಮ್ಮದೇ ಕಟ್ಟಡದಲ್ಲಿ ಒಂದು ನಲ್ಲಿ ಹನಿಕ್ಕುತ್ತಲೇ ಇತ್ತು. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ಬೇಕಾಗಿದ್ದದ್ದು ಒಂದು ರಬ್ಬರ್ ವಾಷರ್, ಒಂದು ಸ್ಪ್ಯಾನರ್, ಕಾಲು ಗಂಟೆ. ಸಭೆಯಲ್ಲಿ ಇಡೀ ನಲ್ಲಿಗಳ ಸೆಟ್ಟನ್ನೇ ಬದಲಿಸುವ ಪ್ರಸ್ತಾಪ ಬಂತು. ನಾನು ಎದ್ದುಹೋಗಿ ವಾಷರ್ ತಂದು ಹಾಕಿದೆ. ಆ ನಲ್ಲಿ ಇವತ್ತಿಗೂ ಹನಿಕ್ಕಿಲ್ಲ.

ಈಗ ನೀವು ಹೇಳುವುದು ನನಗೆ ಗೊತ್ತು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ? ಹಳೆಯದನ್ನೆಲ್ಲ ಪೇರಿಸಿಟ್ಟರೆ ಮನೆ ಗುಜರಿ ಅಂಗಡಿಯಾಗುವುದಿಲ್ಲವೇ? ಎರಡನೆಯ ಮಾತನ್ನು ಒಪ್ಪುತ್ತೇನೆ. ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ನೂರರ ಲೆಕ್ಕದಲ್ಲಿ ಕೂಡಿಹಾಕಿ, ಒಂದನ್ನೂ ಬಳಸದೆ ಜಿರಳೆ ಸಾಕುವ ಮನೆಗಳನ್ನು ನಾನೂ ನೋಡಿದ್ದೇನೆ, ಅದು ಮಿತವ್ಯಯವಲ್ಲ. ಆದರೆ ಸಮಯದ ಮಾತನ್ನು ನಾನು ಒಪ್ಪುವುದಿಲ್ಲ. ಆ ಮನೆಯವರು ಡಬ್ಬ ಆರಿಸಲು ಮೂರು ಸಂಜೆ ಮೊಬೈಲ್ ಹಿಡಿದು ಕುಳಿತಿದ್ದರಂತೆ, ಅವರೇ ಹೇಳಿದ್ದು. ಕೆಂಪು ಗುಂಡಿ ಒತ್ತಲು ಒಂದು ಸೆಕೆಂಡು ಸಾಕಿತ್ತು. ಕೊರತೆ ಇದ್ದದ್ದು ಸಮಯದ್ದಲ್ಲ. ಮಗುಚಿ ನೋಡಬೇಕು ಎನ್ನುವ ಯೋಚನೆಯೇ ಯಾರಿಗೂ ಬರಲಿಲ್ಲ.

ಒಂದು ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಈಗಿನ ಕೆಲವು ವಸ್ತುಗಳನ್ನು ಬಿಚ್ಚಬಾರದೆಂದೇ ಮಾಡುತ್ತಾರೆ. ಸ್ಕ್ರೂ ಬದಲು ಅಂಟು, ಸ್ಕ್ರೂ ಇದ್ದರೂ ಮನೆಯ ಯಾವ ಸ್ಕ್ರೂಡ್ರೈವರಿಗೂ ಹೊಂದದ ಮೂರು ಮೂಲೆಯ ತಲೆ. ಹೋದ ವರ್ಷ ನನ್ನ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟ್ಯಾಟ್ ಹೋದಾಗ ಸರ್ವೀಸ್ ಸೆಂಟರಿನವರು ತೆರೆದು ಕೂಡ ನೋಡದೆ, “ಪಾರ್ಟು ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ” ಎಂದರು. ಫ್ರಾನ್ಸಿನಲ್ಲಿ 2021ರಿಂದ ಕೆಲವು ಉಪಕರಣಗಳ ಮೇಲೆ, ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಹತ್ತಕ್ಕೆ ಇಂತಿಷ್ಟು ಎಂದು ಅಂಕ ಹಾಕಿಯೇ ಮಾರಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ಜಾಲತಾಣವನ್ನೂ ತೆರೆಯಿತು. ಬೆಂಗಳೂರಿನಲ್ಲಿ 2015ರಿಂದ ರಿಪೇರಿ ಕೆಫೆಯವರು ಜನರನ್ನು ಸೇರಿಸಿ, ಕೆಟ್ಟದ್ದನ್ನು ಅವರ ಕೈಯಲ್ಲೇ ಸರಿಮಾಡಿಸುತ್ತಿದ್ದಾರೆ. ಇದೆಲ್ಲ ಬೇಕು. ಆದರೆ ಬಿಚ್ಚಲು ಬರುವ ವಸ್ತುವನ್ನೂ ಬಿಚ್ಚದವರು, ಬಿಚ್ಚಲು ಬಾರದ್ದರ ನೆಪ ಹೇಳಬಾರದು. ಆ ಮಿಕ್ಸಿಗೆ ಸ್ಕ್ರೂಡ್ರೈವರೇ ಬೇಕಿರಲಿಲ್ಲ.

ಬಟ್ಟೆಯ ವಿಷಯ ಬಂದರೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸೀರೆ ಸವೆದರೆ ಕೌದಿ, ಹಳೆಯ ಬಟ್ಟೆ ಪದರಿಸಿ ಹೊಲಿದ ಹೊದಿಕೆ. ಅಂಚು ಗಟ್ಟಿಯಿದ್ದರೆ ಅದು ಕೌದಿಯ ಅಂಚು, ನಡುವೆ ಮೆತ್ತಗಾದ ಧೋತರ, ಮೇಲೆ ಮಕ್ಕಳ ಅಂಗಿಯ ತುಂಡು. ಅವ್ವ ಮಧ್ಯಾಹ್ನ ಊಟವಾದ ಮೇಲೆ ಹೊಲಿಯಲು ಕುಳಿತರೆ ಓಣಿಯ ಇಬ್ಬರು ಮೂವರು ಬಂದು ಇನ್ನೊಂದು ಮೂಲೆ ಹಿಡಿಯುತ್ತಿದ್ದರು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೀಗೇ ಹಳೆಯ ಬಟ್ಟೆಯಿಂದ ಹೊಲಿಯುವ ಕವಂದಿಗಳನ್ನು ಇವತ್ತು ಪರದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕುತ್ತಾರೆ. ಕೌದಿಗೂ ಬಾರದ ಸೀರೆ ಇದ್ದರೆ ಪಾತ್ರೆಯ ಬುಟ್ಟಿ ಹೊತ್ತು ಬರುವವಳ ಜೊತೆ ಅವ್ವ ಅರ್ಧ ಗಂಟೆ ಚೌಕಾಸಿ ಮಾಡಿ ಒಂದು ಸ್ಟೀಲ್ ಬಟ್ಟಲು ಪಡೆಯುತ್ತಿದ್ದಳು. ನಮ್ಮ ಮನೆಯ ಅರ್ಧ ಪಾತ್ರೆಗಳು ಒಂದು ಕಾಲಕ್ಕೆ ಸೀರೆಗಳಾಗಿದ್ದವು.

ಒಂದು ಮಾತು ಹೇಳಿಬಿಡಬೇಕು. ಇಷ್ಟು ಬರೆಯುವ ನಾನೂ ಒಮ್ಮೆ ಅದೇ ತಪ್ಪು ಮಾಡಿದ್ದೇನೆ. ಅಪ್ಪ ತೀರಿಕೊಂಡ ತಿಂಗಳಲ್ಲಿ ಹುಬ್ಬಳ್ಳಿಯ ಮನೆ ಖಾಲಿ ಮಾಡುವಾಗ ಅವನ ಮೂರು ಬಿಸ್ಕತ್ತಿನ ಡಬ್ಬಿಗಳನ್ನು ತೂಕಕ್ಕೆ ಹಾಕಿದೆ. ಒಂದರಲ್ಲಿ ವಾಷರು, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ನಟ್ಟು ಬೋಲ್ಟು. ಬಿಚ್ಚಿದ ಯಾವ ವಸ್ತುವಿನಿಂದಲೂ ಅವನು ಸ್ಕ್ರೂ ಎಸೆದವನಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಅಳತೆಯ ಪ್ರಕಾರ ಇಡುತ್ತಿದ್ದ. ಗುಜರಿಯವನು ಮೂರನ್ನೂ ಒಂದೇ ಚೀಲಕ್ಕೆ ಸುರಿದುಕೊಂಡ. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆರು ತಿಂಗಳಿಗೆ, ಅಲ್ಲಿಂದ ತಂದಿದ್ದ ಕಬ್ಬಿಣದ ಮಂಚದ ಒಂದು ಬೋಲ್ಟು ಕಳೆದುಹೋಯಿತು. ಮೂರು ಸೂತಿನದು, ಎಂದರೆ ಇಂಚಿನ ಎಂಟು ಪಾಲಿನಲ್ಲಿ ಮೂರು ಪಾಲು; ತಿರುಪಿನ ಸುತ್ತೂ ಹಳೆಯ ಇಂಗ್ಲಿಷ್ ಅಳತೆಯದು. ಅಂಗಡಿ ಅಂಗಡಿ ತಿರುಗಿದೆ. ಎಲ್ಲರ ಬಳಿಯೂ ಮಿಲಿಮೀಟರಿನ ಬೋಲ್ಟುಗಳೇ, ಎರಡು ಸುತ್ತು ಹೋಗಿ ಕಚ್ಚಿಕೊಂಡು ನಿಲ್ಲುತ್ತಿದ್ದವು. ಆ ಡಬ್ಬಿಯಲ್ಲಿ ಇಂಥವು ಹಿಡಿತುಂಬ ಇದ್ದವು. ಕೊನೆಗೆ ಲೇತ್ ಅಂಗಡಿಯಲ್ಲಿ ಒಂದನ್ನು ಮಾಡಿಸಿದೆ. ಮೂರು ಡಬ್ಬಿಗೆ ಗುಜರಿಯವನು ಕೊಟ್ಟದ್ದಕ್ಕಿಂತ ಆ ಒಂದು ಬೋಲ್ಟಿಗೆ ಹೆಚ್ಚು ಕೊಟ್ಟೆ. ಅವತ್ತಿನಿಂದ ನನ್ನ ಮನೆಯಲ್ಲೂ ಒಂದು ಡಬ್ಬಿ ಇದೆ.

ಗುರುವಾರದ ಮಾತಿಗೆ ಬರುತ್ತೇನೆ. ಆ ರಾಶಿಯಲ್ಲಿದ್ದ ಒಂದು ಸ್ಟೀಲ್ ಡಬ್ಬದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಕೆಳಗೆ ‘ಗೃಹಪ್ರವೇಶ, 1987’. ಮಿಕ್ಸಿಯ ಜೊತೆ ಅದನ್ನೂ ಎತ್ತಿಕೊಂಡು ಬಂದೆ. ಮಿಕ್ಸಿ ಕೊಡಲು ಮೇಲೆ ಹೋಗಿ, ಗುಂಡಿಯ ವಿಷಯ ಹೇಳಿದರೆ, ಆ ಮನೆಯಾಕೆ ಬೇಸರಿಸಿಕೊಳ್ಳಲಿಲ್ಲ, ಒಳ್ಳೆಯ ಹುಡುಗಿ. “ಹೊಸದು ಬಂದುಬಿಟ್ಟಿದೆ ಆಂಟಿ, ಯಾರಿಗಾದರೂ ಕೊಟ್ಟುಬಿಡಿ” ಎಂದಳು. ಕಾವಲುಗಾರನ ಮನೆಗೆ ಕೊಟ್ಟೆ. ನಿನ್ನೆ ಅವನ ಹೆಂಡತಿ ಅದರಲ್ಲಿ ರುಬ್ಬಿದ ಶೇಂಗಾ ಚಟ್ನಿ ಕಳಿಸಿದ್ದಳು.

ಡಬ್ಬದ ಮಾತನ್ನು ನಾನು ಎತ್ತಿರಲಿಲ್ಲ. ನಿನ್ನೆ ಸಂಜೆ ಆಕೆಯ ಅತ್ತೆ ತಾವಾಗಿ ಕೆಳಗಿಳಿದು ಬಂದರು. ಮೊಣಕಾಲು ನೋವು, ಲಿಫ್ಟಿನ ಬಾಗಿಲಿನಿಂದ ನಮ್ಮ ಬಾಗಿಲಿಗೆ ಗೋಡೆ ಹಿಡಿದು ಬಂದರು. ಒಳಗೆ ಕರೆದರೂ ಕೂರಲಿಲ್ಲ. “ಹೆಸರು ಹಾಕಿಸಿದ್ದ ಒಂದು ಡಬ್ಬ ಇತ್ತಮ್ಮ, ನೀವೇನಾದರೂ ನೋಡಿದಿರಾ?” ಎಂದು ಮೆಲ್ಲಗೆ ಕೇಳಿದರು. ತಂದುಕೊಟ್ಟೆ. ಸೆರಗಿನಲ್ಲಿ ಒಮ್ಮೆ ಒರೆಸಿ, ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದರು. ಹೊರಟವರು ಬಾಗಿಲಲ್ಲಿ ನಿಂತರು.

“ಕುಕ್ಕರಿನ ಹಿಡಿ ಒಂದು ವಾರದಿಂದ ಅಲ್ಲಾಡುತ್ತಿದೆ. ಅದನ್ನೂ ಕೆಳಗಿಡುವ ಮೊದಲು ಕೇಳೋಣ ಎಂದು. ನಿಮ್ಮ ಹತ್ತಿರ ಒಂದು ಸ್ಕ್ರೂ ಇದೆಯಾ?”

ಡಬ್ಬಿ ತೆಗೆದು ಇಬ್ಬರೂ ಹುಡುಕಿದೆವು. ನಾಲ್ಕನೆಯದು ಸರಿಹೋಯಿತು.